ಸೌಟು ಹಿಡಿದ ಇಂಗ್ಲಿಷ್ ಮಾಸ್ತರರು

ಮಲಕಾಜಪ್ಪ ಮಾಸ್ತರರ ಕೈಯಲ್ಲಿ ಬೆತ್ತ ಇದ್ದದ್ದನ್ನು ನಾನು ನೋಡಿಲ್ಲ. ಸೌಟು ಇದ್ದದ್ದನ್ನು ನೋಡಿದ್ದೇನೆ. ಅದು ನನ್ನ ಸೌಟು. ಉದ್ದ ಹಿಡಿಕೆಯದು, ತುದಿಯಲ್ಲಿ ಜರಾ ಸೊಟ್ಟಗಾದದ್ದು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಉಳ್ಳಾಗಡ್ಡಿ, ಅಂಗಿಯ ಕಿಸೆಯಲ್ಲಿ ಒಂದು ಹಿಡಿ ತೊಗರಿಬೇಳೆ. ಹೀಗೆ ನಿಂತು ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಹೊಸಬರು ಯಾರಾದರೂ ಇಣುಕಿ ನೋಡಿದ್ದರೆ ಅಡುಗೆಯವನೊಬ್ಬ ದಾರಿ ತಪ್ಪಿ ಕ್ಲಾಸಿಗೆ ಬಂದಿದ್ದಾನೆ ಅಂದುಕೊಳ್ಳುತ್ತಿದ್ದರು.

ನನ್ನ ಹೆಸರು ಗುರುಬಾಯಿ, ಚೌಡಾಪುರದ ಹತ್ತಿರ ನಮ್ಮೂರು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಬಿಸಿಯೂಟ ಮಾಡುವಾಕೆ. ಈಗ ಬಿಟ್ಟಿದ್ದೇನೆ, ಮೊಣಕಾಲು ಮಾತು ಕೇಳುವುದಿಲ್ಲ. ಅಡುಗೆ ಕೋಣೆಗೂ ಒಂಬತ್ತನೇ ಕ್ಲಾಸಿಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಬಾಗಿಲಿಲ್ಲದ ಕಿಟಕಿ. ನನ್ನ ಒಗ್ಗರಣೆ ಘಾಟು ಅವರ ಕಡೆ ಹೋಗುತ್ತಿತ್ತು, ಅವರ ಪಾಠ ನನ್ನ ಕಡೆ ಬರುತ್ತಿತ್ತು. ಘಾಟಿಗೆ ಅವರು ಕೆಮ್ಮುತ್ತಿದ್ದರು, ಪಾಠಕ್ಕೆ ನಾನು ಆಕಳಿಸುತ್ತಿದ್ದೆ. ನಾನು ಓದಿದ್ದು ಎರಡನೇ ಕ್ಲಾಸು. ಬಸ್ಸಿನ ಬೋರ್ಡು ಓದುತ್ತೇನೆ, ಸಹಿ ಮಾಡುತ್ತೇನೆ, ಅಷ್ಟಕ್ಕೆ ನನ್ನ ಕೆಲಸ ನಡೆದಿದೆ.

ಅವರು ಜೇವರ್ಗಿ ಕಡೆಯವರು. ವರ್ಗವಾಗಿ ಬಂದ ಮೊದಲನೇ ವಾರವೇ ಕಿಟಕಿಯಲ್ಲಿ ಕೈ ಚಾಚಿದರು.

“ಅಕ್ಕಾ, ಒಂದು ಉಪ್ಪು ಕೊಡ್ರಿ.”

ನನಗೆ ರೇಗಿತು. ಒಲೆಯ ಮೇಲೆ ನೂರು ಹುಡುಗರ ಅನ್ನ ಕುದಿಯುತ್ತಿದೆ, ಈ ಮನುಷ್ಯನಿಗೆ ಮಾತು ಸರಿಯಾಗಿ ಬರುವುದಿಲ್ಲ.

“ಒಂದು ಉಪ್ಪು ಅಂದ್ರ ಏನ್ರಿ? ಒಂದು ಹರಳು ಕೊಡ್ಲೋ, ಒಂದು ಮುಷ್ಟಿ ಕೊಡ್ಲೋ, ಒಂದು ಡಬ್ಬಿ ಕೊಡ್ಲೋ? ಸರಿಯಾಗಿ ಕೇಳ್ರಿ!”

ಅವರು ಹುಡುಗರ ಕಡೆ ತಿರುಗಿ ಕುಣಿದೇ ಬಿಟ್ಟರು. “ಕೇಳಿದ್ರೇನ್ರಲೇ? ನಾ ನಾಕು ದಿನದಿಂದ ಬಡಕೊಳ್ಳಾಕತ್ತೇನಿ. ಅಕ್ಕ ಒಂದೇ ಮಾತಿನಾಗ ಹೇಳಿದಳು. ಉಳ್ಳಾಗಡ್ಡಿ ಒಂದು, ಎರಡು ಅಂತ ಎಣಿಸಬಹುದು. ಉಪ್ಪು ಎಣಿಸಾಕ ಬರಂಗಿಲ್ಲ. ಉಳ್ಳಾಗಡ್ಡಿ ಮುಂದ ‘ಆನ್’ ಬರ್ತದ, ಉಪ್ಪಿನ ಮುಂದ ‘ಸಮ್’ ಬರ್ತದ. ಬರಕೋರಿ.”

ಹುಡುಗರು ಬರೆದುಕೊಂಡರು. ನನ್ನ ಅನ್ನ ತಳ ಹಿಡಿಯಿತು.

ಅಂದಿನಿಂದ ನನ್ನ ಅಡುಗೆ ಕೋಣೆಯೇ ಅವರ ವ್ಯಾಕರಣದ ಪುಸ್ತಕವಾಯಿತು. ಹಾಲು, ಎಣ್ಣೆ, ಬೆಲ್ಲ ಒಂದು ಕಡೆ. ಬಟ್ಟಲು, ಮೆಣಸಿನಕಾಯಿ, ಬದನೆಕಾಯಿ ಇನ್ನೊಂದು ಕಡೆ. ತೆಗೆದುಕೊಂಡು ಹೋದ ಸಾಮಾನು ವಾಪಸು ಕೊಡುವ ರೂಢಿ ಅವರಿಗಿರಲಿಲ್ಲ. ಬೇಳೆ ಕಿಸೆಯಲ್ಲೇ ಮನೆಗೆ ಹೋಗುತ್ತಿತ್ತು. ಸೌಟು ಬೋರ್ಡಿಗೆ ಒರಗಿಕೊಂಡು ನಿಂತಿರುತ್ತಿತ್ತು. ಬಡಿಸುವ ಹೊತ್ತಿಗೆ ನಾನು “ನನ್ನ ಸೌಟು ಕೊಡ್ರಿ ಮಾಸ್ತರ” ಎಂದು ಕಿಟಕಿಯಲ್ಲಿ ಬಾಯಿ ಹಾಕಬೇಕು. ಅವರು ಬಿಡುವವರಲ್ಲ. “ಕೇಳ್ರಲೇ, ‘ನನ್ನ’ ಅಂದಳು. ‘ನನ್ನ’ಕ್ಕ ಇಂಗ್ಲಿಷಿನಾಗ ಏನು?” ಹುಡುಗರು ಒಟ್ಟಿಗೆ “ಮೈ” ಎಂದು ಕೂಗುವವರೆಗೆ ಸೌಟು ನನ್ನ ಕೈಗೆ ಬರುತ್ತಿರಲಿಲ್ಲ.

ಒಮ್ಮೆ ನಾನು ಕೇಳಿಯೇಬಿಟ್ಟೆ. “ಮಾಸ್ತರ, ಈ ‘ಎ’, ‘ದ’, ‘ದಿಸ್’, ‘ದಟ್’ ಅಂತ ದಿನಾ ಒದರ್ತೀರಿ. ಎದಕ್ಕ ಬೇಕ್ರಿ ಅವು? ನೇರ ಸಾಮಾನಿನ ಹೆಸರು ಹೇಳಿದ್ರ ತಿಳಿಯಂಗಿಲ್ಲೇನು?”

ಅವರು ಚಹಾದ ಬಟ್ಟಲು ಕೆಳಗಿಟ್ಟು ಹೇಳಿದರು. “ಅಕ್ಕಾ, ಇಂಗ್ಲಿಷಿನಾಗ ಸಾಮಾನಿನ ಹೆಸರು ಅಂದ್ರ ಹೊಸಾ ಬೀಗರಿದ್ದಂಗ. ಮರ್ಯಾದಿ ಭಾಳ. ತಾನೇ ಒಳಗ ಬರಂಗಿಲ್ಲ. ಮುಂದೊಬ್ಬ ನಿಂತು ಬರ್ರಿ ಅಂತ ಕರೀಬೇಕು. ಆ ಕರಿಯಾಂವನೇ ‘ಎ’, ‘ದ’, ‘ದಿಸ್’.”

“ಎಲ್ಲಾರಿಗೂ ಕರಿಯಾಕ ಬೇಕೇನು?”

“ಮನಷ್ಯಾರ ಹೆಸರಿಗೆ ಬ್ಯಾಡ. ಗುರುಬಾಯಿ ಅಂದ್ರ ಗುರುಬಾಯಿನೇ. ಅಕಿಗೆ ಯಾರ ಕರೀಬೇಕು? ಕರೀದಿದ್ರೂ ಬಂದು ಬೈತಾಳ.”

ಎಲ್ಲಕ್ಕಿಂತ ಅವರು ‘ದ’ ಎಂಬುದನ್ನು ಕಲಿಸುವುದು ನನಗೆ ಸೇರುತ್ತಿತ್ತು. ಅದಕ್ಕೆ ಸೌಟು ಬೇಕಿರಲಿಲ್ಲ. “ನಿಮ್ಮವ್ವ ಬಾಗಿಲದಾಗ ನಿಂತು ‘ಅವರು ಬಂದ್ರು’ ಅಂತಾಳ. ಯಾರು ಬಂದ್ರು? ಹೆಸರು ಹೇಳಿದಳೇನು? ಇಲ್ಲ. ಆದ್ರೂ ಮನಿಗೆಲ್ಲ ಗೊತ್ತು, ಓಣಿಗೆಲ್ಲ ಗೊತ್ತು. ಹೇಳಾಕಿಗೂ ಗೊತ್ತು, ಕೇಳಾಂವಗೂ ಗೊತ್ತು. ಅದೇ ನೋಡು ‘ದ’.” ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹಳೆಯ ಮನೆಗಳಲ್ಲಿ ಗಂಡನೂ ಹೆಂಡತಿಯ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡು ಮಾಡಿಸಲು ಅಫಜಲಪುರಕ್ಕೆ ಹೋದಾಗ ಕುರ್ಚಿಯಲ್ಲಿದ್ದ ಹುಡುಗ ನನ್ನ ಗಂಡನ ಹೆಸರು ಕೇಳಿದ. ನಾನು ಮೂಕಿಯ ಹಾಗೆ ನಿಂತೆ. ಮತ್ತೆ ಕೇಳಿದ. ನೆಲ ನೋಡಿದೆ. “ಗಂಡನ ಹೆಸರು ಮರತೀಯೇನವ್ವ?” ಎಂದು ನಕ್ಕ. ಮರೆಯುವುದೆಲ್ಲಿ ಬಂತು, ಆ ಮನುಷ್ಯನ ಹೊಡೆತ ಬೆನ್ನ ಮೇಲೆ ಹಸಿಯಾಗಿತ್ತು. ಕೊನೆಗೆ ಹಿಂದೆ ನಿಂತಿದ್ದ ನಮ್ಮೂರ ಹೆಂಗಸಿಗೆ ಕಣ್ಣು ಮಾಡಿದೆ. ಆಕೆ ಹೇಳಿದಳು, ಅವನು ಬರೆದುಕೊಂಡ.

ಹೀಗೆ ಬಾಯಿಗೆ ಬೀಗ ಬಿದ್ದಿರುವವರಿಗೆ ಒಂದೇ ರಿಯಾಯಿತಿ, ಒಡಪು. ಮದುವೆಯಾಗಿ ಮನೆಗೆ ಬಂದ ಜೋಡಿಯನ್ನು ಹೆಂಗಸರು ಬಾಗಿಲಲ್ಲಿ ತಡೆದು ನಿಲ್ಲಿಸುತ್ತಾರೆ. ಹೆಸರು ಹೇಳಿದರೇ ಒಳಗೆ. ಬರೀ ಹೆಸರು ಹೇಳುವಂತಿಲ್ಲ, ಎರಡು ಸಾಲು ಪ್ರಾಸ ಕೂಡಿಸಿ ಅದರೊಳಗೆ ಹೆಸರು ಮುಚ್ಚಿಟ್ಟು ಹೇಳಬೇಕು. ಆಗ ಹೇಳಿದರೆ ತಪ್ಪಿಲ್ಲ.

ಮಾಸ್ತರರ ಹೆಂಡತಿ ಗೌರಮ್ಮ ಆಳಂದ ತಾಲೂಕಿನ ಹಿರೋಳ್ಳಿಯಾಕೆ. ಗಡಿ ಊರು, ಮಾತಿನಲ್ಲಿ ಮರಾಠಿ ಬೆರೆತಿರುತ್ತಿತ್ತು. ಮಕ್ಕಳಾಗಲಿಲ್ಲ. ಶಾಲೆಯ ಹಿಂದೆ, ನಮ್ಮ ಓಣಿಯಲ್ಲೇ ಬಾಡಿಗೆ ಮನೆ. ಸಂಜೆ ಮಾಸ್ತರರು ಹೊಸ್ತಿಲ ಬಳಿ ಬಂದು ಎರಡು ಸಲ ಕೆಮ್ಮಿ “ಕೇಳ್ತೇನು?” ಎನ್ನುತ್ತಿದ್ದರು. ಆಕೆ ಬಾಗಿಲು ತೆಗೆಯುತ್ತಿದ್ದಳು. ನನ್ನ ಹತ್ತಿರ ಆಕೆಯ ಮಾತು ಬಂದರೆ “ಇಕಿ”, “ಅಕಿ”, ಬಹಳವಾದರೆ “ನಮ್ಮಾಕಿ”.

“ಜಗತ್ತಿನಾಗಿನ ಸಾಮಾನಿಗೆಲ್ಲ ಎರಡೆರಡು ಭಾಷಾದಾಗ ಹೆಸರು ಹೇಳ್ತೀರಿ, ಮನಿಯಾಗಿನ ಹೆಂಡ್ತಿ ಹೆಸರು ಹೇಳಾಕ ಏನು ಧಾಡಿ?” ಎಂದು ಒಮ್ಮೆ ಕೆಣಕಿದೆ.

“ಲಗ್ನದಾಗ ಒಮ್ಮೆ ಹೇಳೀನಿ, ಅಕ್ಕಾ. ಅದಿನ್ನೂ ಹಳಸಿಲ್ಲ” ಎಂದರು.

ಗೌರಮ್ಮನನ್ನು ಕೇಳಿದೆ. ಮುಖ ಕೆಂಪು ಮಾಡಿಕೊಂಡು ಆ ಒಡಪು ಹೇಳಿದಳು. ‘ಭೀಮಾ ದಂಡ್ಯಾಗ ತೂಗತಾದ ಬಿಳಿಜೋಳದ ತೆನಿ, ಗೌರಾ ಕಾಲಿಟ್ರ ತುಂಬತಾದ ನಮ್ಮ ಮನಿ.’ ಮೂವತ್ತು ವರ್ಷದ ಹಿಂದಿನದು. ಒಂದಕ್ಷರ ಮರೆತಿರಲಿಲ್ಲ.

ರಿಟೈರಾಗಿ ಎರಡು ವರ್ಷಕ್ಕೆ ಮಾಸ್ತರರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಅವರು ಹಲ್ಲುಜ್ಜಿ ಒಳಗೆ ಹೋಗುತ್ತಿದ್ದವರು ನಿಂತರು. ನನ್ನ ಕಡೆ ನೋಡಿ “ಅಕ್ಕಾ, ಅದು…” ಎಂದರು. ಕೈಯಲ್ಲಿದ್ದ ನೀರಿನ ಚರಿಗೆ ಜಾರಿ ಬಿತ್ತು. ಬಿದ್ದ ಚರಿಗೆಯ ಕಡೆ ಬೆರಳು ಮಾಡಿ ಮತ್ತೆ “ಅದು… ಅದು…” ಎಂದರು. ಬಾಯಿ ಒಂದು ಕಡೆಗೆ ಜಗ್ಗಿತ್ತು. ಜೀಪು ಮಾಡಿಕೊಂಡು ಕಲಬುರಗಿಗೆ ಒಯ್ದೆವು. ದಾರಿಯುದ್ದಕ್ಕೂ ಗೌರಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಳಲಿಲ್ಲ. ಅತ್ತಿದ್ದರೆ ನಾನು ಬೈಯುತ್ತಿದ್ದೆ.

ಕೈಕಾಲು ಹತ್ತು ದಿನದಲ್ಲಿ ತಿರುಗಿ ಬಂದವು. ಸಾಮಾನಿನ ಹೆಸರು ಬರಲಿಲ್ಲ. ಬಟ್ಟಲು ಬೇಕಾದರೆ “ಅದು”, ಚಾದರ ಬೇಕಾದರೆ “ಇದು”. ಬೀಗರೆಲ್ಲ ಎದ್ದು ಹೋಗಿದ್ದರು. ಬಾಗಿಲಲ್ಲಿ ನಿಂತು ಕರೆಯುವವರು ಮಾತ್ರ ಉಳಿದಿದ್ದರು.

ಹನ್ನೊಂದನೇ ದಿನ ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆ. ಗೌರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಆ ಹತ್ತು ದಿನದಲ್ಲಿ ಆಗದ ಮುದುಕಿ ಅವತ್ತು ಆಗಿದ್ದಳು.

“ಅಕ್ಕಾ, ನನ್ನ ಮರತಾರ.”

“ಯಾರು ಹೇಳಿದ್ರು?”

“ಡಾಕ್ಟರು ನನಗ ಮುಂದ ನಿಲ್ಲಿಸಿ ಕೇಳಿದ್ರು, ಇವರ ಹೆಸರೇನು ಅಂತ. ನಮ್ಮವರು ನನ್ನ ಮಾರಿ ನೋಡಿದ್ರು. ಕೆಳಗ ನೋಡಿದ್ರು. ಡಾಕ್ಟರು ಮತ್ತ ಕೇಳಿದ್ರು. ನಮ್ಮವರು ಸುಮ್ಮನ ಕುಂತ್ರು. ಗುರುತು ಸಿಗವಲ್ದು ಅಂತ ಡಾಕ್ಟರು ಬರಕೊಂಡ್ರು ಅಕ್ಕಾ.”

ಡಾಕ್ಟರು ಸಣ್ಣ ಹುಡುಗ, ದೂರದ ಊರಿನವನು. ಅವನ ತಪ್ಪೇನಿಲ್ಲ. ನನಗೆ ತಟ್ಟನೆ ರೇಷನ್ ಕಾರ್ಡಿನ ಕುರ್ಚಿ ನೆನಪಾಯಿತು.

“ಹುಚ್ಚಿ, ಮೂವತ್ತೈದು ವರ್ಷ ಹೇಳದ ಹೆಸರು, ಡಾಕ್ಟರು ಕೇಳಿದ್ರ ಹೇಳ್ತಾರೇನು ಬೇ? ಅವರು ಮರೆತಿಲ್ಲ. ಮರ್ಯಾದಿ ಹಿಡಕೊಂಡು ಕುಂತಾರ.”

ಗೌರಮ್ಮ ತಲೆ ಅಲ್ಲಾಡಿಸಿದಳು. “ಬಟ್ಟಲಿಗೂ ಮರ್ಯಾದಿ ಹಿಡದಾರೇನು? ಅದರ ಹೆಸರೂ ಬರವಲ್ದು. ನಾನೂ ಅದರಾಗ ಹೋಗೇನಿ.”

ಬುತ್ತಿ ಬಿಚ್ಚಿ ರೊಟ್ಟಿ ಕೈಗಿಟ್ಟೆ. ತಿನ್ನಲಿಲ್ಲ.

ಮಾಸ್ತರರ ತಮ್ಮ ಬಸಣ್ಣ ಜೇವರ್ಗಿಯಿಂದ ಬಂದಿದ್ದ. ಒಳ್ಳೆಯ ಮನುಷ್ಯ, ಆದರೆ ಲೆಕ್ಕ ಮಾಡಿಬಿಟ್ಟಿದ್ದ. ಅಣ್ಣನನ್ನು ಜೇವರ್ಗಿಗೆ ಒಯ್ಯುವುದು. ಮನೆ ಸಣ್ಣದು, ಎರಡೇ ಕೋಣೆ. ಗೌರಮ್ಮ ಹಿರೋಳ್ಳಿಗೆ ತನ್ನ ಅಣ್ಣನ ಮನೆಗೆ ಹೋಗಿ ಇರುವುದು. “ಗೌರಮ್ಮ ವೈನಿ ಗುರುತೇ ಇಲ್ಲಂದ ಮ್ಯಾಲ ಅವರು ಬಾಜು ಇದ್ದರೇನು, ಇರದಿದ್ದರೇನ್ರಿ? ಒಬ್ಬರೇ ಹೆಂಗ ಸಂಭಾಳಸ್ತಾರ?” ಎಂದ. ಗೌರಮ್ಮ ಬೇಡ ಅನ್ನಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. ಜೇವರ್ಗಿ ಒಂದು ದಿಕ್ಕು, ಹಿರೋಳ್ಳಿ ಇನ್ನೊಂದು ದಿಕ್ಕು. ಆ ವಯಸ್ಸಿನಲ್ಲಿ ಹೀಗೆ ಬೇರೆಯಾದವರು ಮತ್ತೆ ಒಂದು ಕಡೆ ಸೇರಿದ್ದನ್ನು ನಾನು ಕಂಡಿಲ್ಲ.

ಮರುದಿನ ಮಧ್ಯಾಹ್ನ ಜೀಪು ನಮ್ಮೂರಿಗೆ ಬಂತು. ಬಟ್ಟೆಬರೆ ಕಟ್ಟಿಕೊಂಡು ಹಾಗೇ ಹೊರಡುವುದು ಎಂದು ಮಾತಾಗಿತ್ತು. ನಾನು ಮೊದಲೇ ಬಂದು ಓಣಿಯ ಐದಾರು ಹೆಂಗಸರನ್ನು ಕೂಡಿಸಿದ್ದೆ. ಬಸಣ್ಣನ ಕೈ ಹಿಡಿದುಕೊಂಡು ಮಾಸ್ತರರು ಮೆಟ್ಟಿಲು ಏರಿದರು, ಹಿಂದೆ ಗೌರಮ್ಮ. ನಾನು ಬಾಗಿಲಿನ ಎರಡೂ ಕಡೆ ಕೈ ಹಚ್ಚಿ ಅಡ್ಡ ನಿಂತೆ.

“ಹನ್ನೆರಡು ದಿನಾ ಊರು ಬಿಟ್ಟು, ಹೆಂಡ್ತಿ ಕರಕೊಂಡು ಬಂದೀರಿ. ಹೆಸರ ಹೇಳ್ರಿ, ಒಳಗ ಬಿಡ್ತೇನಿ.”

ಹೆಂಗಸರು “ಹೌದ್ರಿ, ಹೆಸರ ಹೇಳ್ರಿ” ಎಂದರು. ಬಸಣ್ಣ ಸಿಟ್ಟಾದ. “ಅಕ್ಕಾರ, ಇದೇನು ಚ್ಯಾಷ್ಟಿ? ಹೊತ್ತು ಗೊತ್ತು ಬ್ಯಾಡೇನು? ಸರೀರಿ.”

“ನೀ ಸುಮ್ಮನಿರು. ನಿನಗೇನು ಒಡಪು ಹೇಳು ಅಂದಿಲ್ಲ.”

ಬಾಯಿ ಮಾತ್ರ ಜೋರು. ಅವರು ಹೇಳದಿದ್ದರೆ? ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿಂದ ನೋವನ್ನು ಆಕೆ ಇಡೀ ಓಣಿಯ ಮುಂದೆ ಎರಡನೇ ಸಲ ತಿನ್ನಬೇಕು. ಮಾಡಿದಾಕೆ ನಾನು.

ಮಾಸ್ತರರು ನನ್ನನ್ನು ನೋಡಿದರು. ಬಾಗಿಲ ಮೇಲಿನ ಒಣಗಿದ ತೋರಣ ನೋಡಿದರು. ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು, ಅರ್ಧ ಬಾಯಿಯದು.

“ಭೀಮಾ…” ಎಂದರು. “ಭೀಮಾ… ಅದರಾಗ… ಅದರಾಗ… ಅದು…”

ಹಳೆಯ ಒಡಪು ಹುಡುಕುತ್ತಿದ್ದಾರೆಂದು ನನಗೆ ತಿಳಿಯಿತು. ದಂಡೆ ಸಿಗಲಿಲ್ಲ. ತೆನೆ ಸಿಗಲಿಲ್ಲ. ಹಣೆ ಬೆವರಿತು. ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. “ಸಾಕು ಬಿಡ್ರಿ ಅಕ್ಕಾ” ಎಂದು ಗೌರಮ್ಮ ಸೆರಗು ಬಾಯಿಗೆ ಹಿಡಿದಳು. ನನ್ನ ಕೈ ಸಡಿಲಾಗಿತ್ತು. ಇನ್ನೊಂದು ಉಸಿರಿಗೆ ಸರಿದು ನಿಲ್ಲುತ್ತಿದ್ದೆ.

ಮಾಸ್ತರರು ಬೆರಳೆತ್ತಿದರು, ಕ್ಲಾಸಿನಲ್ಲಿ ಹುಡುಗರನ್ನು ಸುಮ್ಮನಿರಿಸುವ ಹಾಗೆ. ಆಮೇಲೆ ಒಂದೊಂದೇ ಮಾತು ಇಟ್ಟರು.

“ಅದಕ್ಕ ಇದು ಬೇಕು. ಇದಕ್ಕ ಅದು ಬೇಕು. ನನಗ… ಗೌರಾ ಬೇಕು.”

ಪ್ರಾಸ ಗೀಸ ಏನಿರಲಿಲ್ಲ. ಯಾವ ಲಗ್ನದಲ್ಲೂ ಅಂಥ ಕೆಟ್ಟ ಒಡಪು ನಾನು ಕೇಳಿಲ್ಲ. ಹೆಂಗಸರು ಹೋ ಎಂದು ನಕ್ಕರು, ಒಬ್ಬಾಕೆ ನಗುತ್ತಲೇ ಮೂಗು ಒರೆಸಿಕೊಂಡಳು. ಗೌರಮ್ಮ “ಅಗ ಬಾಯೀ” ಎಂದು ಹೊಸ್ತಿಲ ಮೇಲೇ ಕುಸಿದು ಕೂತಳು. ನಾನು ಅಡ್ಡ ಹಿಡಿದ ಕೈ ತೆಗೆದು ಸರಿದು ನಿಂತೆ.

“ಬರ್ರಿ ಒಳಗ” ಎಂದೆ. “ಮುಂದಿನ ಸಲ ಜರಾ ಚಲೋದು ತಯಾರ ಮಾಡ್ಕೊಂಡು ಬರ್ರಿ.”

ಬಸಣ್ಣ ಜೀಪಿನವನಿಗೆ “ನೀ ಹೋಗಪ್ಪ” ಎಂದ. ರಾತ್ರಿ ಉಂಡು, ಬೆಳಿಗ್ಗೆ ಒಬ್ಬನೇ ಬಸ್ಸು ಹತ್ತಿದ.

ಆಮೇಲೆ ಒಂದು ವರ್ಷ, ಹುಡುಗರು ಮನೆಗೆ ಹೋದ ಮೇಲೆ, ಮಾಸ್ತರರು ನನ್ನ ಅಡುಗೆ ಕೋಣೆಯ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ಈ ಸಲ ಕಲಿಯಲು. ನಾನು ಸಾಮಾನು ಎತ್ತಿ ಹಿಡಿಯುತ್ತಿದ್ದೆ, ಅವರು ಹೆಸರು ಹೇಳಬೇಕು. ವಿಚಿತ್ರವೆಂದರೆ ಎಷ್ಟೋ ಸಲ ಇಂಗ್ಲಿಷಿನ ಹೆಸರು ಮೊದಲು ಬರುತ್ತಿತ್ತು. ಉಳ್ಳಾಗಡ್ಡಿ ತೋರಿಸಿದರೆ “ಆನಿಯನ್” ಎನ್ನುತ್ತಿದ್ದರು. “ಇಂಗ್ಲಿಷ್ ಬ್ಯಾಡ್ರಿ, ನಾ ಎರಡನೇ ಕ್ಲಾಸು” ಎಂದು ನಾನು ಗದರಿಸುತ್ತಿದ್ದೆ. ತಪ್ಪು ಹೇಳಿದರೆ ಚಹಾ ಇಲ್ಲ. ಅವರು ಹುಡುಗರಿಗೆ ಮಾಡಿದಷ್ಟು ಕರುಣೆ ನಾನು ಅವರಿಗೆ ಮಾಡಲಿಲ್ಲ. ಮುಕ್ಕಾಲು ಪಾಲು ಹೆಸರು ವಾಪಸು ಬಂದವು. ಉಳಿದವಕ್ಕೆ “ಅದು” ಎಂದರೆ ಗೌರಮ್ಮನಿಗೆ ತಿಳಿಯುತ್ತಿತ್ತು.

ಹೋದ ವರ್ಷ ಬಸಣ್ಣ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿದ. “ಇಬ್ಬರೂ ಬರ್ರಿ” ಎಂದು ತಾನೇ ಬಂದು ಕರೆದ. ಹೋಗಬೇಕಾದದ್ದೇ. ಅವರನ್ನು ಬಸ್ಸಿಗೆ ಹತ್ತಿಸಲು ನಾನು ಚೌಡಾಪುರದವರೆಗೆ ಹೋದೆ. ಮಾಸ್ತರರನ್ನು ಹತ್ತಿಸಿ ಕೂರಿಸಿದ್ದಾಯಿತು. ಗಂಟು ಏರಿಸಿದ್ದಾಯಿತು. ಅಷ್ಟರಲ್ಲಿ ಗೌರಮ್ಮ ಎದುರಿನ ಅಂಗಡಿಗೆ ಬಾಳೆಹಣ್ಣು ತರಲು ಹೋದಳು. ಕಂಡಕ್ಟರ್ ಸೀಟಿ ಬಾಯಿಗಿಟ್ಟ.

ಮಾಸ್ತರರು ಬಾಗಿಲ ಹತ್ತಿರ ಎದ್ದು ಬಂದರು. “ತಡೀರಿ, ಅಕಿ ಬರ್ಬೇಕು.”

“ಯಾರ್ರಿ?”

“ಅಕಿ.”

“ಯಾವಾಕಿ ಯಜಮಾನ್ರ? ಹೆಸರ ಹೇಳ್ರಿ, ನಾ ಕೂಗ್ತೇನಿ.”

ಮಾಸ್ತರರು ಕಂಡಕ್ಟರನನ್ನು ನೋಡಿದರು. ನೆಲ ನೋಡಿದರು. ನನ್ನ ಕಡೆ ನೋಡಿ, ನೀನಾದರೂ ಹೇಳು ಎಂಬಂತೆ ಕಣ್ಣು ಮಾಡಿದರು. ನಾನು ಹೇಳಲಿಲ್ಲ. ಬಸ್ಸಿನ ಮಂದಿಯೆಲ್ಲ ಕಾಯುತ್ತಿದ್ದರು. ಅವರು ಎರಡು ಸಲ ಕೆಮ್ಮಿ, ರಸ್ತೆಯ ಆ ಕಡೆಗೆ ದನಿ ಎತ್ತಿದರು.

“ಕೇಳ್ತೇನು?”

ಅಂಗಡಿಯ ಮುಂದೆ ಏಳೆಂಟು ಹೆಂಗಸರಿದ್ದರು. ಒಬ್ಬಳೇ ತಿರುಗಿದಳು, ಬಾಳೆಹಣ್ಣು ಉಡಿಯಲ್ಲಿ ಹಾಕಿಕೊಂಡು ಓಡಿ ಬಂದಳು.

ಮಾಸ್ತರರು ಪೂರಾ ನೆಟ್ಟಗಾಗಿದ್ದಾರೆ ಎಂದು ನನಗೆ ಅವತ್ತು ಖಾತ್ರಿಯಾಯಿತು. ಬಸ್ಸು ಜೇವರ್ಗಿ ಹಾದಿ ಹಿಡಿಯಿತು. ಹಗುರಾಗಿ ಮನೆಗೆ ಬಂದು ಸಾರಿಗಿಟ್ಟೆ. ಕಲಕಲು ಕೈ ಚಾಚಿದಾಗ ಗೊತ್ತಾಯಿತು, ನನ್ನ ಸೌಟು ಅವರ ಗಂಟಿನಲ್ಲೇ ಹೋಗಿದೆ.